ಮೂರು ಗೇಣು, ಒಂದು ಬೆರಳು

ಜನವರಿ 6

ಅಕ್ಕ ಅವರಿಗೆ,

ನಮಸ್ಕಾರ. ನಾನು ನಿಮ್ಮ ತಮ್ಮನ ಹೆಂಡತಿ. ನೀವು ನಮ್ಮ ಮದುವೆಗೆ ಬಂದಿರಲಿಲ್ಲ, ಹಾಗಾಗಿ ನನ್ನ ಮುಖ ನಿಮಗೆ ಗೊತ್ತಿಲ್ಲ. ನಿಮ್ಮ ಮುಖವೂ ನನಗೆ ಗೊತ್ತಿಲ್ಲ. ಮನೆಯಲ್ಲಿರುವ ಒಂದೇ ಒಂದು ಫೋಟೋದಲ್ಲಿ ನೀವು ಬೆನ್ನು ತಿರುಗಿಸಿಕೊಂಡು ಮರ ಕೀಸುತ್ತಿದ್ದೀರಿ. ಈ ಮನೆಯ ನಂಬರಿನಿಂದ ಫೋನು ಬಂದರೆ ನೀವು ಎತ್ತುವುದಿಲ್ಲ ಎಂದು ಇವರು ಹೇಳಿದರು. ಅದಕ್ಕೇ ಕಾಗದ. ಹರಿದು ಹಾಕಬೇಕಾದರೂ ಒಮ್ಮೆ ಕೈಯಲ್ಲಿ ಹಿಡಿಯಲೇಬೇಕಲ್ಲ.

ವಿಷಯ ಇಷ್ಟು. ನನಗೀಗ ಆರನೇ ತಿಂಗಳು ನಡೆಯುತ್ತಿದೆ. ಮಗುವನ್ನು ಎಲ್ಲಿ ಮಲಗಿಸುವುದು ಎಂಬುದೇ ನನ್ನ ತಲೆನೋವು. ನಿಮ್ಮ ತಮ್ಮನ ನಿದ್ದೆ ನಿಮಗೆ ಗೊತ್ತಿರಬೇಕು. ಮಲಗಿದರೆ ಬಂಡೆ, ಹೊರಳಿದರೆ ಉರುಳುಬಂಡೆ. ಅವರ ಪಕ್ಕ ಮಗುವನ್ನು ಮಲಗಿಸುವ ಧೈರ್ಯ ನನಗಿಲ್ಲ. ಡಾಕ್ಟರಮ್ಮನನ್ನು ಕೇಳಿದರೆ, "ನಿಮ್ಮ ಕೋಣೇಲೇ ಇರಲಿ, ಆದ್ರೆ ನಿಮ್ಮ ಹಾಸಿಗೇಲಿ ಬೇಡ" ಅಂದರು. ಮಂಚಕ್ಕೆ ಅಂಟಿಕೊಂಡು ನಿಲ್ಲುವ ತೊಟ್ಟಿಲು ಬರುತ್ತದಂತೆ. ಮೂರು ಕಡೆ ಕಂಬಿ, ನಮ್ಮ ಕಡೆ ಮಾತ್ರ ತೆರೆದದ್ದು. ನನಗೆ ಬೇಕಾದದ್ದೂ ಅದೇ. ನಾನು ಕೈ ಚಾಚಿದರೆ ಮಗು ಸಿಗಬೇಕು, ಇವರು ಹೊರಳಿದರೆ ಸಿಗಬಾರದು.

ಗಂಡನದೇ ಫರ್ನಿಚರ್ ಅಂಗಡಿ, ನಿನಗೇನು ಕೊರತೆ ಎನ್ನಬೇಡಿ. ಮಾವನವರ ಕಾಲದ ಕಾರ್ಖಾನೆ ಈಗ ಬರೀ ಅಂಗಡಿ. ಇವರು ಉಳಿ ಹಿಡಿಯುವುದಿಲ್ಲ, ಫೋನು ಹಿಡಿಯುತ್ತಾರೆ. ಹೋದ ವಾರ ಅಲ್ಲಿಂದ ಒಂದು ತೊಟ್ಟಿಲು ತಂದರು. ಬಿಳಿ ಬಣ್ಣ, ಮೇಲೆ ಮೊಲದ ಚಿತ್ರ, ಕೆಳಗೆ ಚಕ್ರ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಮಂಚಕ್ಕೆ ತಾಗಿಸಿ ಸ್ವಲ್ಪ ಎಳೆದೆ. ಚಕ್ರ ಜಾರಿ ನಡುವೆ ಸಂದು ಬಿಟ್ಟಿತು, ನನ್ನ ಇಡೀ ಕೈ ಅದರೊಳಗೆ ಇಳಿಯಿತು. "ಎಲ್ಲಾರೂ ಇದನ್ನೇ ತಗೊಂಡು ಹೋಗ್ತಾರೆ ಕಣೇ, ಯಾರೂ ವಾಪಸ್ ತಂದಿಲ್ಲ" ಅಂದರು. ವಾಪಸ್ ತರುವ ದಿನದವರೆಗೆ ಕಾಯುವ ತಾಳ್ಮೆ ನನಗಿಲ್ಲ.

ಅಂಗಡಿಯ ಹಿಂಭಾಗದಲ್ಲಿ ಪಾಲಿಶ್ ತಾತ ಇನ್ನೂ ಕೂತಿರುತ್ತಾರೆ. ಅವರನ್ನು ಕೇಳಿದೆ. "ತೊಟ್ಟಿಲಾ? ಅದಕ್ಕೆ ದೊಡ್ಡಮಗಳ ಕೈಯೇ ಆಗ್ಬೇಕು ತಾಯಿ" ಎಂದು ನಿಮ್ಮ ವಿಳಾಸ ಕೊಟ್ಟರು. ಮಾಡಿಕೊಡುತ್ತೀರಾ? ಬಿಗಿಯುವ ಪಟ್ಟಿ, ಹೊದಿಕೆ ನಾನೇ ಹೊಲಿದುಕೊಳ್ಳುತ್ತೇನೆ. ನಾನು ದರ್ಜಿ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಕಡೆ ಬಟ್ಟೆ ಕತ್ತರಿಸುವ ಕೆಲಸ ನನ್ನದು.

ಉತ್ತರ ಕಾಯುತ್ತಾ,
ನಿಮ್ಮ ತಮ್ಮನ ಹೆಂಡತಿ

ಜನವರಿ 19

ತಮ್ಮನ ಹೆಂಡತಿಗೆ,

ನಿನ್ನ ಕಾಗದ ಹರಿದು ಹಾಕಿದ ಮೇಲೆ ಈ ಉತ್ತರ ಬರೆಯುತ್ತಿದ್ದೇನೆ. ಆ ಮನೆಗೆ ನಾನು ಒಂದು ಮೊಳೆಯನ್ನೂ ಹೊಡೆದುಕೊಡುವುದಿಲ್ಲ. ನಿನ್ನ ಮೇಲೆ ಕೋಪವೇನಿಲ್ಲ. ನೀನು ಯಾರೋ, ನಾನು ಯಾರೋ.

ಆ ಮೊಲದ ಚಿತ್ರದ್ದನ್ನು ಮಾತ್ರ ಮೊದಲು ಮನೆಯಿಂದ ಹೊರಗೆ ಹಾಕು. ಬೇರೆ ಕಡೆ ಕೊಳ್ಳುವುದಾದರೆ ಕಣ್ಣಿನಿಂದ ಆರಿಸಬೇಡ, ಬೆರಳಿನಿಂದ ಆರಿಸು. ತೊಟ್ಟಿಲಿನ ಹಾಸಿಗೆಗೂ ಅದರ ಬದಿಗೂ ನಡುವೆ ಎರಡು ಬೆರಳು ತೂರಿದರೆ ಅದು ಬೇಡ. ಅದರ ಹಾಸಿಗೆ ನಿಮ್ಮ ಹಾಸಿಗೆಯ ಮಟ್ಟಕ್ಕೇ ಬರಬೇಕು. ತಗ್ಗಾದರೆ ಮಗುವಿನ ಮುಖಕ್ಕೆ ನಿಮ್ಮ ಹಾಸಿಗೆಯ ಬದಿ ಬಂದು ಒತ್ತುತ್ತದೆ. ಮಂಚಕ್ಕೂ ತೊಟ್ಟಿಲಿಗೂ ನಡುವೆ ಸಂದು ಇರಲೇಕೂಡದು. ಮಂಚದ ಆಚೆ ಬದಿಯವರೆಗೆ ಪಟ್ಟಿ ಎಳೆದು ಬಿಗಿಯಬೇಕು. ಹಾಸಿಗೆ ಗಟ್ಟಿ ಇರಲಿ. ಮಗು ಬೆನ್ನ ಮೇಲೆ ಮಲಗಲಿ. ಒಳಗೆ ಮಗು ಬಿಟ್ಟರೆ ಇನ್ನೇನೂ ಬೇಡ. ದಿಂಬು, ರಜಾಯಿ, ಗೊಂಬೆ ಇಡಲು ಬಂದವರ ಕೈ ಮೇಲೆ ಹೊಡೆ.

ಇಷ್ಟು ಬರೆದದ್ದು ಹುಟ್ಟಲಿರುವ ಮಗುವಿಗೆ. ನಿನ್ನ ಗಂಡನಿಗೆ ಬರೆಯುವುದು ಏನೂ ಇಲ್ಲ.

ಬಡಗಿ

ಫೆಬ್ರವರಿ 2

ಬಡಗಿಯವರಿಗೆ,

ಅಕ್ಕ ಎಂದರೆ ಹರಿಯುತ್ತೀರಿ, ಹೀಗಾದರೂ ಕರೆಯುತ್ತೇನೆ. ಹರಿದು ಹಾಕಿದ ಕಾಗದದ ಒಂದೊಂದು ಪ್ರಶ್ನೆಗೂ ಉತ್ತರ ಬರೆದಿದ್ದೀರಿ. ಹರಿದ ಮೇಲೆ ಜೋಡಿಸಿ ಓದಿದಿರಾ ಹೇಗೆ?

ನೀವು ಹೇಳಿದ ಹಾಗೆ ಬೆರಳು ಹಿಡಿದುಕೊಂಡು ಊರೆಲ್ಲ ಸುತ್ತಿದೆ. ಒಂದು ಅಂಗಡಿಯಲ್ಲಿ ತೊಟ್ಟಿಲಿನ ಹಾಸಿಗೆ ಒತ್ತಿದರೆ ಹೊಸ ಬ್ರೆಡ್ಡಿನ ಹಾಗೆ ಒಳಗೆ ಹೋಗಿ ಅಲ್ಲೇ ಉಳಿಯಿತು. ಇನ್ನೊಂದರಲ್ಲಿ ಕಬ್ಬಿಣದ್ದು, "ಒಂದು ಗುಂಡಿ ಒತ್ತಿದ್ರೆ ಸಾಕು ಮೇಡಂ, ಪೂರ್ತಿ ಮಡಚ್ಕೊಳುತ್ತೆ" ಅಂದ ಅಂಗಡಿಯವನು. ಮಗು ಒಳಗಿದ್ದಾಗ ಯಾರಾದರೂ ಒತ್ತಿದರೆ ಎಂದು ಕೇಳಿದೆ. ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಕೊನೆಗೆ ಒಂದು ಕಡೆ ಒಳ್ಳೆಯದೇ ಸಿಕ್ಕಿತು, ಎತ್ತರ ಏರಿಸಿ ಇಳಿಸುವಂಥದ್ದು, ಎಲ್ಲೂ ಬೆರಳು ತೂರಲಿಲ್ಲ. ಆದರೆ ಪೂರ್ತಿ ಏರಿಸಿದರೂ ನಮ್ಮ ಮಂಚಕ್ಕೆ ಮುಟ್ಟುವುದಿಲ್ಲ.

ನಮ್ಮ ಮಂಚದ ಕಥೆ ಹೇಳಬೇಕು. ನಿಮ್ಮ ತಮ್ಮ ಸ್ವಂತ ಕೈಯಿಂದ ಮಾಡಿದ ಒಂದೇ ಮಂಚ ಅದು. ಮನೆಗೆ ಯಾರು ಬಂದರೂ ಮೊದಲು ಕೋಣೆಗೆ ಕರೆದುಕೊಂಡು ಹೋಗಿ ಅದನ್ನು ತೋರಿಸುತ್ತಾರೆ, ಕಾಫಿ ಆಮೇಲೆ. ಎಷ್ಟು ಎತ್ತರ ಅಂದರೆ ನಾನು ಮಣೆ ಹಾಕಿಕೊಂಡು ಹತ್ತಬೇಕು. ಈ ಹೊಟ್ಟೆ ಹೊತ್ತುಕೊಂಡು ಹತ್ತುವಾಗ ದಿನಾ ಬೈಯುತ್ತೇನೆ. ಇವರು ಮೇಲೆ ಮಲಗಿಕೊಂಡು "ಸ್ವರ್ಗಕ್ಕೆ ಮೂರೇ ಗೇಣು ಕಣೇ, ಹತ್ತು ಹತ್ತು" ಅನ್ನುತ್ತಾರೆ. ಈ ಸ್ವರ್ಗಕ್ಕೆ ಹೊಂದುವ ತೊಟ್ಟಿಲು ಅಂಗಡಿಯಲ್ಲಿಲ್ಲ. ಮಾಡಿಸಲೇಬೇಕು.

ನಿಮ್ಮ ಕೋಪ ಯಾಕೆ ಎಂದು ಕೇಳಿದೆ. ಇವರು ನಿಮ್ಮ ಬೆರಳು ಹೋದ ವಿಷಯ ಹೇಳಿದರು. ಪಾಪ, ಗರಗಸದ ಯಂತ್ರ ನಿಲ್ಲಿಸದೆ ಅವಸರದಲ್ಲಿ ಕೈ ಹಾಕಿಬಿಟ್ಟಿರಂತೆ. ಮಾವನವರು ಹೆದರಿ ನಿಮ್ಮನ್ನು ಕೆಲಸದಿಂದ ಬಿಡಿಸಿದರಂತೆ, ಅದನ್ನೇ ನೀವು ಮನಸ್ಸಿಗೆ ಹಚ್ಚಿಕೊಂಡಿರಂತೆ. ಎಚ್ಚರ ತಪ್ಪುವುದು ಯಾರಿಗಾದರೂ ಆಗುವುದೇ ಅಲ್ಲವೇ? ಅದಕ್ಕಾಗಿ ತಮ್ಮನ ಮೇಲೆ ಯಾಕೆ ಮುನಿಸು? ತಪ್ಪು ತಿಳಿಯಬೇಡಿ, ತಂಗಿಯ ಹಾಗೆ ಬರೆದೆ.

ನಿಮ್ಮ ತಮ್ಮನ ಹೆಂಡತಿ

ಫೆಬ್ರವರಿ 8

ಹುಡುಗಿ,

ಮಾಡಿಕೊಡುತ್ತೇನೆ.

ನಿನ್ನ ಕಾಗದದ ಕೊನೆಯ ಭಾಗವನ್ನು ಮತ್ತೆ ಮತ್ತೆ ಓದಿದೆ. ಅದನ್ನು ಓದಿದ ಮೇಲೆ ಮಾಡಿಕೊಡಲೇಬೇಕು ಅನ್ನಿಸಿತು. ಒಳ್ಳೆಯ ಗಟ್ಟಿ ಮರ ಇಟ್ಟಿದ್ದೇನೆ, ಒಣಗಿ ಹದವಾಗಿದೆ. ಬಣ್ಣ ಹಚ್ಚುವುದಿಲ್ಲ, ಮಗು ಕಂಬಿಗೆ ಬಾಯಿ ಹಾಕುತ್ತದೆ. ಚಕ್ರ ಇರುವುದಿಲ್ಲ. ಒಂದು ಮೂಲೆಯೂ ಚುಚ್ಚುವುದಿಲ್ಲ.

ಮಂಚದ ಅಳತೆ ಬೇಕು, ನೆಲದಿಂದ ಹಾಸಿಗೆಯ ಮೇಲ್ಮೈವರೆಗೆ. ನಿನ್ನ ಕೊರಳಲ್ಲಿ ಟೇಪು ನೇತಾಡುತ್ತಿರುತ್ತದೆ ಎಂದು ಗೊತ್ತು. ಅದು ಬೇಡ. ನಮ್ಮಪ್ಪನ ಹತ್ತಿರ ಕೆಲಸ ಕಲಿತವರು ಗೇಣಿನಲ್ಲಿ ಅಳೆಯುತ್ತಾರೆ. ನಿನ್ನ ಗಂಡನೇ ತನ್ನ ಕೈಯಾರೆ ಅಳೆದು ಹೇಳಲಿ, ನೀನು ಬರೆದು ಕಳಿಸು. ಅವನು ಏನು ಹೇಳುತ್ತಾನೋ ಕೂದಲಷ್ಟೂ ಆಚೀಚೆ ಇಲ್ಲದೆ ಅದನ್ನೇ ಮಾಡಿಕೊಡುತ್ತೇನೆ.

ಅಕ್ಕ ಎಂದೇ ಕರೆ, ಅಡ್ಡಿಯಿಲ್ಲ.

ಅಕ್ಕ

ಫೆಬ್ರವರಿ 16

ಅಕ್ಕ,

ನಿಮ್ಮ ಕಾಗದ ನೋಡಿ ಇವರು ಕುಣಿಯುವುದೊಂದು ಬಾಕಿ. "ಕೊನೆಗೂ ಅಕ್ಕನ ಕೋಪ ಇಳೀತು ನೋಡು, ರಕ್ತ ಸಂಬಂಧ ಅಂದ್ರೆ ಸುಮ್ನೇನಾ" ಎಂದು ಪಕ್ಕದ ಮನೆಯವರಿಗೂ ಹೇಳಿ ಬಂದರು.

ಗೇಣಿನ ಅಳತೆ ಕೇಳಿ ನನಗೆ ನಗು. ಗೇಣಿನಲ್ಲಿ ಅಳೆದು ಅಂಗಿ ಹೊಲಿದರೆ ನಮ್ಮ ಯಜಮಾನಿ ಬಟ್ಟೆ ಬಿಟ್ಟು ನನ್ನನ್ನೇ ಕತ್ತರಿಸುತ್ತಾಳೆ. ಆದರೂ ನಿಮ್ಮ ಮನೆಯ ಪದ್ಧತಿ, ನಾನು ಬಾಯಿ ಹಾಕಲಿಲ್ಲ. ಇವರು ಮಂಚದ ಪಕ್ಕ ಮಂಡಿಯೂರಿ ಕೂತು ಕೈ ಅಗಲಿಸಿ ಅಳೆದರು. ಮೂರು ಗೇಣು, ಒಂದು ಬೆರಳು. ಟೇಪಿನಲ್ಲೂ ಹಿಡಿದು ಬರೆಯಲಾ ಎಂದು ಕೇಳಿದೆ. "ಬೇಡ ಬೇಡ, ಅಕ್ಕನಿಗೆ ಅವಮಾನ ಆಗುತ್ತೆ. ಅಪ್ಪ ನಮ್ಮಿಬ್ಬರ ಕೈನೂ ಹಲಗೆ ಮೇಲೆ ಪಕ್ಕ ಪಕ್ಕ ಇಡಿಸಿ ನೋಡ್ತಿದ್ರು. ಇಬ್ಬರದೂ ಒಂದೇ ಗೇಣು, ಒಂದೇ ಅಚ್ಚು ಅಂತಿದ್ರು" ಅಂದರು. ಹೇಳುವಾಗ ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ನಿಜ ಹೇಳುತ್ತಿದ್ದೇನೆ.

ಪಟ್ಟಿಗೆ ದಪ್ಪ ಕ್ಯಾನ್ವಾಸ್ ತಂದಿದ್ದೇನೆ. ಮೂರು ಸಾಲು ಹೊಲಿಗೆ ಹಾಕುತ್ತೇನೆ.

ನಿಮ್ಮ ತಂಗಿಯಂಥವಳು

ಮಾರ್ಚ್ 20

ಹುಡುಗಿ,

ತೊಟ್ಟಿಲು ಲಾರಿಗೆ ಹಾಕಿಸಿದ್ದೇನೆ. ಬಿಚ್ಚುವಾಗ ನಿನ್ನ ಗಂಡ ಪಕ್ಕದಲ್ಲಿರಲಿ.

ಮೂರು ಗೇಣು, ಒಂದು ಬೆರಳು. ಕೂದಲಷ್ಟೂ ಆಚೀಚೆ ಇಲ್ಲ.

ಅಕ್ಕ

ಮಾರ್ಚ್ 27

ಅಕ್ಕ,

ತೊಟ್ಟಿಲು ಬಂತು. ಕಂಬಿಗಳ ಮೇಲೆ ಕೈ ಆಡಿಸಿದರೆ ಬೆಣ್ಣೆ. ಎಲ್ಲ ಕಡೆ ಬೆರಳು ಹಾಕಿ ನೋಡಿದೆ, ಎಲ್ಲೂ ಜಾಗ ಸಿಗಲಿಲ್ಲ. ಅಲುಗಾಡಿಸಿದರೆ ಅದು ನಿಂತೇ ಇತ್ತು, ನಾನೇ ಅಲುಗಾಡಿದೆ.

ಆಮೇಲೆ ಮಂಚದ ಪಕ್ಕ ತಂದು ಇಟ್ಟೆವು. ಅಕ್ಕ, ಅದು ನಮ್ಮ ಹಾಸಿಗೆಗಿಂತ ಆರು ಬೆರಳು ತಗ್ಗು. ಪಕ್ಕದಲ್ಲಿ ಅಷ್ಟೆತ್ತರದ ಗೋಡೆ ನಿಂತ ಹಾಗೆ ನಮ್ಮ ಹಾಸಿಗೆ. ತಗ್ಗಾದರೆ ಏನಾಗುತ್ತದೆ ಎಂದು ನೀವೇ ಬರೆದಿದ್ದಿರಿ.

ಇವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. "ಬೆರಳಿನ ಜೊತೆ ಕಣ್ಣೂ ಹೋಯ್ತಾ ಇವಳಿಗೆ? ಅಪ್ಪ ಸುಮ್ನೆ ಹೊಗಳ್ತಿದ್ರು" ಅಂದರು. ನನಗೆ ಅದು ಸರಿ ಕಾಣಲಿಲ್ಲ. ಕಂಬಿ ಕಂಬಿಗೂ ಲೆಕ್ಕ ಹಿಡಿದವರು ಎತ್ತರದಲ್ಲಿ ಆರು ಬೆರಳು ತಪ್ಪುತ್ತಾರೆಯೇ? ಏನಾಯಿತು ಹೇಳಿ. ಡಾಕ್ಟರಮ್ಮ ಇನ್ನೊಂದು ತಿಂಗಳಿದೆ ಅಂದಿದ್ದಾರೆ. ನನ್ನ ಹೊಟ್ಟೆ ಬೇರೆ ಏನೋ ಹೇಳುತ್ತಿದೆ.

ನಿಮ್ಮ ತಂಗಿಯಂಥವಳು

ಏಪ್ರಿಲ್ 3

ಹುಡುಗಿ,

ಅಳತೆ ತಪ್ಪಿಲ್ಲ. ಮೂರು ಗೇಣು, ಒಂದು ಬೆರಳು. ನಿನ್ನ ಗಂಡನ ಗೇಣಲ್ಲ, ನನ್ನ ಗೇಣು.

ಗೇಣು ಎಂದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ. ನನ್ನ ಕೈಯಲ್ಲಿ ಕಿರುಬೆರಳಿಲ್ಲ, ಆದ್ದರಿಂದ ನನ್ನ ಗೇಣು ಉಂಗುರದ ಬೆರಳಿಗೇ ಮುಗಿಯುತ್ತದೆ. ಒಂದು ಗೇಣಿಗೆ ಎರಡು ಬೆರಳು ಖೋತಾ. ಮೂರು ಗೇಣಿಗೆ ಎಷ್ಟು ಎಂದು ದರ್ಜಿಗೆ ಹೇಳಿಕೊಡಬೇಕಾಗಿಲ್ಲ.

ಟೇಪು ಬೇಡ ಎಂದದ್ದು ಬೇಕೆಂದೇ. ಅವನಿಗೊಂದು ಪರೀಕ್ಷೆ ಇಟ್ಟಿದ್ದೆ. ಅಕ್ಕನ ಕೈಯಲ್ಲಿ ಗೇಣು ಪೂರ್ತಿ ಇಲ್ಲವಲ್ಲ ಎಂದು ಅರೆಗಳಿಗೆ ನೆನಪಾಗಿದ್ದರೂ ಅವನು ಟೇಪು ಹಿಡಿಯುತ್ತಿದ್ದ, ನಿನಗೆ ಸರಿಯಾದ ತೊಟ್ಟಿಲು ಬರುತ್ತಿತ್ತು. ಅವನಿಗೆ ನೆನಪಾದದ್ದು ಇಬ್ಬರದೂ ಒಂದೇ ಅಚ್ಚು ಎಂಬುದು. ನನ್ನ ಬೆರಳು ತೆಗೆದವನಿಗೆ, ಅಳೆಯುವ ಹೊತ್ತಿಗೆ ಆ ಬೆರಳು ಹೋದದ್ದೇ ಮರೆತಿದೆ!

ತೆಗೆದವನು ಎಂದೇ ಬರೆದಿದ್ದೇನೆ, ಸರಿಯಾಗಿ ಓದು. ಯಂತ್ರ ನಿಂತಿತ್ತು. ನಾನೇ ನಿಲ್ಲಿಸಿ, ಹಲ್ಲಿಗೆ ಸಿಕ್ಕಿಕೊಂಡ ಚೂರು ತೆಗೆಯುತ್ತಿದ್ದೆ. ಅವನು ಗಿರಾಕಿಗೆ ಹೊಸ ಯಂತ್ರದ ಜೋರು ತೋರಿಸಲು ಬಂದು, ನನ್ನ ಕಡೆ ನೋಡದೆ ಗುಂಡಿ ಒತ್ತಿದ. ಅದು ಕೈತಪ್ಪು, ಅದನ್ನು ನಾನು ಅಂದೇ ಕ್ಷಮಿಸುತ್ತಿದ್ದೆ. ಆದರೆ ಅಪ್ಪ ಓಡಿ ಬಂದಾಗ ಅವನು ಹೇಳಿದ್ದು, "ಅಕ್ಕ ಯಂತ್ರ ನಿಲ್ಲಿಸದೇ ಕೈ ಹಾಕಿದ್ಲು" ಎಂದು. ನಾನು ರಕ್ತ ಹಿಡಿದುಕೊಂಡು ಕೂತಿದ್ದೆ, ಮಾತು ಹೊರಡಲಿಲ್ಲ. ಮಾತು ಬರುವಷ್ಟರಲ್ಲಿ ಅವನ ಮಾತೇ ನಿಜವಾಗಿತ್ತು. ಎಚ್ಚರವಿಲ್ಲದವಳಿಗೆ ಕಾರ್ಖಾನೆ ಬೇಡ ಎಂದು ಅಪ್ಪ ನನ್ನನ್ನು ಮನೆಯೊಳಗೆ ಕೂರಿಸಿದರು. ಬೆರಳು ತೋರಿಸಿದರೆ ಹಸ್ತ ನುಂಗುವವರು ಇರುತ್ತಾರಂತೆ. ನಿನ್ನ ಗಂಡ ಬೆರಳನ್ನೂ ನುಂಗಿದ, ಹಸ್ತವನ್ನೂ ನುಂಗಿದ, ಆಮೇಲೆ ಕಾರ್ಖಾನೆ ನುಂಗಿ ಬಾಯಿ ಒರೆಸಿಕೊಂಡ.

ಈಗ ನಿನ್ನ ಬಾಯಿಂದ ನನಗೆ "ಪಾಪ" ಅನ್ನಿಸಿದ್ದಾನೆ. ಆ ಒಂದು ಶಬ್ದಕ್ಕಾಗಿ ಈ ತೊಟ್ಟಿಲು ಮಾಡಿದೆ. ಒಂದು ಬೆರಳು ತಗ್ಗಿಸಿದ್ದರೆ ನೀನು ಗಮನಿಸದೆ ಮಗುವನ್ನು ಮಲಗಿಸುತ್ತಿದ್ದೆ. ಆರು ಬೆರಳು ಕುರುಡರಿಗೂ ಕಾಣುತ್ತದೆ, ಯಾರೂ ಅದರಲ್ಲಿ ಮಗುವನ್ನು ಮಲಗಿಸುವುದಿಲ್ಲ.

ತೊಟ್ಟಿಲಿನ ಕಾಲಿಗೆ ಕೆಳಗಿನಿಂದ ಕೊಡುವ ನಾಲ್ಕು ಮರದ ಒತ್ತುಗಳನ್ನೂ ಮಾಡಿಟ್ಟಿದ್ದೇನೆ. ಕಾಲು ಅದರೊಳಗೆ ಕೂತು ತಿರುಪು ಬಿಗಿದರೆ ನಿಮ್ಮ ಸ್ವರ್ಗಕ್ಕೆ ಸರಿಯಾಗಿ ಮಟ್ಟ. ಅವನು ನಿನ್ನೆದುರು ನಿಂತು "ಯಂತ್ರ ನಿಂತಿತ್ತು" ಎಂದು ಹೇಳಲಿ, ಎರಡೇ ಶಬ್ದ. ಹೇಳಿದ ದಿನ ಕಳಿಸುತ್ತೇನೆ.

ಅಕ್ಕ

ಏಪ್ರಿಲ್ 24

ಅಕ್ಕ,

ಮಗು ಹುಟ್ಟಿದೆ. ಹೆಣ್ಣು. ಬದುಕಿದ್ದಾಳೆ.

ಬದುಕಿದ್ದಾಳೆ ಎಂದು ಯಾಕೆ ಬರೆದೆ ಎಂದು ನಿಮ್ಮ ಎದೆ ಹೊಡೆದುಕೊಳ್ಳಲಿ. ನನ್ನದು ಹೊಡೆದುಕೊಂಡಷ್ಟು ಹೊಡೆದುಕೊಳ್ಳಲಿ.

ನಿಮ್ಮ ಕಾಗದ ಬಂದ ದಿನವೇ ಇವರನ್ನು ಕೇಳಿದೆ. "ಹಳೇ ಕಥೆ, ಈಗ್ಯಾಕೆ ಕೆದಕ್ತೀಯ" ಎಂದು ಅಂಗಡಿಗೆ ಹೊರಟರು. ನಾನು ಪಾಲಿಶ್ ತಾತನ ಹತ್ತಿರ ಹೋದೆ. ತಾತ ಕುಂಚ ಕೆಳಗಿಟ್ಟು, "ಯಂತ್ರ ನಿಂತಿತ್ತು ತಾಯಿ. ನಾನು ಅಲ್ಲೇ ಇದ್ದೆ. ನನ್ನನ್ನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಅನ್ನ ಹಾಕೋ ಮನೆ" ಅಂದರು. ಮತ್ತೆ ಇವರನ್ನು ಕೇಳುವಷ್ಟರಲ್ಲಿ ನೋವು ಶುರುವಾಯಿತು. ದಿನ ತುಂಬುವ ಮೊದಲೇ.

ಆಸ್ಪತ್ರೆಯಿಂದ ಬಂದಾಗ ತೊಟ್ಟಿಲು ಮಂಚದ ಮಟ್ಟಕ್ಕೆ ಬಂದಿತ್ತು. ಇವರು ಖುಷಿಯಿಂದ ತೋರಿಸಿದರು. ಅಕ್ಕನ ಮುಂದೆ ತಲೆ ತಗ್ಗಿಸುವ ಬದಲು ಹಾಸಿಗೆ ಎತ್ತರಿಸಿದ್ದರು, ಎರಡು ರಜಾಯಿ ಮಡಚಿ, ಮೇಲೆ ಸೋಫಾದ ಮೆತ್ತೆ ಇಟ್ಟು. ಬೇಡ, ತೆಗೀರಿ ಎಂದು ಹೇಳಿ ಮಗುವನ್ನು ಅವರ ಕೈಗೆ ಕೊಟ್ಟು ನಾನು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಮಗು ತೊಟ್ಟಿಲಲ್ಲಿದೆ, ಇವರು ಫೋನಲ್ಲಿದ್ದಾರೆ. ಮೆತ್ತೆ ಓರೆಯಾಗಿ, ಮಗು ಮಂಚದ ಕಡೆಗೆ ಜಾರಿ, ಮೂಗು ರಜಾಯಿಯ ಮಡಿಕೆಯೊಳಗೆ ಹೂತಿತ್ತು. ಸದ್ದಿಲ್ಲ. ಎತ್ತಿಕೊಂಡೆ. ಆಗಲೂ ಸದ್ದಿಲ್ಲ. ಬೆನ್ನು ತಟ್ಟಿದೆ, ಕಾಲು ಉಜ್ಜಿದೆ, ಏನೇನು ಮಾಡಿದೆನೋ ಗೊತ್ತಿಲ್ಲ. ಆಮೇಲೆ ಅತ್ತಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಾನೂ ಅತ್ತೆ. ಮತ್ತೆ ಆಸ್ಪತ್ರೆಗೆ ಓಡಿದೆವು. ಏನೂ ಆಗಿಲ್ಲ ಎಂದು ಡಾಕ್ಟರಮ್ಮ ಹೇಳುವವರೆಗೆ ಅವಳ ಎದೆಯ ಮೇಲಿಂದ ನಾನು ಕೈ ತೆಗೆಯಲಿಲ್ಲ.

ಯಾರೂ ಅದರಲ್ಲಿ ಮಲಗಿಸುವುದಿಲ್ಲ ಎಂದು ಬರೆದಿದ್ದಿರಿ. ನಿಮ್ಮ ತಮ್ಮನನ್ನು ಇಷ್ಟು ವರ್ಷ ದ್ವೇಷಿಸಿದ್ದೀರಿ, ಅವರು ಏನು ಮಾಡುತ್ತಾರೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಮಗುವನ್ನು ಚಿವುಟಿ ತೊಟ್ಟಿಲು ತೂಗುವವರು ಎಂದು ಕೇಳಿದ್ದೆ. ಒಬ್ಬರು ಚಿವುಟಿದಿರಿ, ಒಬ್ಬರು ತೂಗಿದಿರಿ. ನೀವಿಬ್ಬರೂ ನಿಜವಾಗಿಯೂ ಒಂದೇ ಅಚ್ಚು.

ಈಗ ಮಗು ಪಕ್ಕದ ಮನೆಯವರು ಕೊಟ್ಟ ಹಳೇ ತೊಟ್ಟಿಲಲ್ಲಿ ಮಲಗುತ್ತಾಳೆ, ನಾನು ಅದರ ಪಕ್ಕ ಕುರ್ಚಿಯಲ್ಲಿ ತೂಕಡಿಸುತ್ತೇನೆ. ಇವರ ಹಾಸಿಗೆ ಹಜಾರದಲ್ಲಿ. ನಿಮಗೆ ಸೇಡು ಬೇಕಿತ್ತು, ಈಗ ನನಗೂ ಬೇಕು. ನಿಮ್ಮ ಒತ್ತು ನನಗೆ ಬೇಡ. ನಿಮ್ಮ ಕೈ ಬೇಕು. ಆ ಕೈಯನ್ನು ಕಾಗದದ ಮೇಲೆ ಅಗಲಿಸಿ ಇಟ್ಟು, ಸುತ್ತ ಗೆರೆ ಎಳೆದು ಕಳಿಸಿ.

ಮಗಳ ತಾಯಿ

ಏಪ್ರಿಲ್ 28

ತಾಯಿ,

ಕೈ ಕಳಿಸಿದ್ದೇನೆ. ನಿನ್ನ ಕಾಗದ ಓದಿ ಮುಗಿಸಿದವಳೇ ಗೆರೆ ಎಳೆದೆ.

ನೀನು ಬೈದದ್ದರಲ್ಲಿ ಒಂದು ಮಾತೂ ಹೆಚ್ಚಿಲ್ಲ. ಅವನ ಮೇಲಿನ ಸಿಟ್ಟಿನಲ್ಲಿ ಮಗುವಿನ ಮೇಲೆ ಕಣ್ಣಿಡುವುದನ್ನು ಬಿಟ್ಟೆ. ಅವನನ್ನು ಮಾತ್ರ ಬಿಡಲಾರೆ.

ಒತ್ತುಗಳನ್ನು ಷರತ್ತಿಲ್ಲದೆ ಇವತ್ತೇ ಕಳಿಸಬಲ್ಲೆ. ಒಂದು ಮಾತು ಹೇಳು.

ಅಕ್ಕ

ಮೇ 9

ಅಕ್ಕ,

ಒತ್ತು ಬೇಡ ಎಂದೆನಲ್ಲ. ತೊಟ್ಟಿಲನ್ನು ಮಂಚಕ್ಕೆ ಯಾಕೆ ಏರಿಸಬೇಕು? ಮಂಚವನ್ನೇ ತೊಟ್ಟಿಲಿಗೆ ಇಳಿಸಿದ್ದೇನೆ.

ನಿಮ್ಮ ಕೈಯನ್ನು ದಪ್ಪ ಕಾಗದದ ಮೇಲೆ ಅಚ್ಚು ತೆಗೆದು ಕತ್ತರಿಸಿದೆ, ಅಂಗಿಯ ಪ್ಯಾಟರ್ನು ಕತ್ತರಿಸುವ ಹಾಗೆ. ಕಿರುಬೆರಳಿನ ಜಾಗಕ್ಕೆ ಬಂದಾಗ ಕತ್ತರಿ ನಿಂತಿತು. ಅಲ್ಲಿ ಕತ್ತರಿಸಲು ಏನೂ ಇರಲಿಲ್ಲ.

ಪಾಲಿಶ್ ತಾತನನ್ನು ಮನೆಗೆ ಕರೆಸಿದೆ. ಅವರೆದುರು ಇವರ ಕೈಗೆ ಆ ಕಾಗದದ ಕೈ ಕೊಟ್ಟೆ. "ಇದರಲ್ಲಿ ಅಳೀರಿ. ಹಾಸಿಗೆ ಮೇಲಿಂದ ಕೆಳಗೆ, ಮೂರು ಗೇಣು ಒಂದು ಬೆರಳು" ಅಂದೆ. "ಏನೇ ಇದು ಹುಚ್ಚು, ಟೇಪು ಕೊಡು" ಅಂದರು. "ಟೇಪು ಕೊಟ್ರೆ ನಿಮ್ಮಕ್ಕನಿಗೆ ಅವಮಾನ ಆಗುತ್ತೆ" ಅಂದೆ. ತಾತ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಅಳೆಯುವ ಮೊದಲು ತಮ್ಮ ಕೈಯನ್ನು ಅದರ ಮೇಲೆ ಇಟ್ಟು ನೋಡಿದರು. ಯಾಕೋ ಗೊತ್ತಿಲ್ಲ, ಹಳೇ ಅಭ್ಯಾಸ ಇರಬೇಕು. ನಾಲ್ಕು ಬೆರಳು ಗೆರೆಗೆ ಗೆರೆ ಕೂತವು. ಕಿರುಬೆರಳು ಮಾತ್ರ ಹೊರಗೆ ಉಳಿಯಿತು. ಅದನ್ನೇ ನೋಡುತ್ತಾ ಬಹಳ ಹೊತ್ತು ಕೂತರು.

ಆಮೇಲೆ ಅಳೆದರು. ಕಾಗದದ ಕೈ ನೆಲ ಮುಟ್ಟಲಿಲ್ಲ, ಆರು ಬೆರಳು ಮೇಲೇ ನಿಂತಿತು. ಅಲ್ಲಿ ಗೆರೆ ಎಳೀರಿ, ಅಲ್ಲೇ ಕೊಯ್ಯಿರಿ ಅಂದೆ. "ಅಪ್ಪ ನೋಡಿ ಬೆನ್ನು ತಟ್ಟಿದ ಮಂಚ ಕಣೇ ಇದು" ಅಂದರು. "ಗೊತ್ತು, ಅದಕ್ಕೇ" ಅಂದೆ. ಯಂತ್ರ ತರಿಸುತ್ತೇನೆ ಅಂದದ್ದಕ್ಕೆ ಯಂತ್ರ ಬೇಡ ಎಂದು ತಾತನೇ ಕೈಗರಗಸ ಮುಂದಿಟ್ಟರು. ಮಂಚವನ್ನು ಮಗ್ಗುಲಿಗೆ ಉರುಳಿಸಿ, ನಾಲ್ಕೂ ಕಾಲು ಇವರ ಕೈಯಲ್ಲೇ ಕೊಯ್ಯಿಸಿದೆ. ಎರಡನೇ ಕಾಲಿಗೆ ಅಂಗೈಯಲ್ಲಿ ಬೊಬ್ಬೆ ಬಂತು, ಮೂರನೆಯದಕ್ಕೆ ಒಡೆಯಿತು. ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಮಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಿದ್ದೆ, ನನಗೆ ಹಿತವಾಗಿತ್ತು. ಎತ್ತಿ ನಿಲ್ಲಿಸಿ ನೋಡಿದರೆ ಮಂಚ ಕುಂಟುತ್ತಿತ್ತು. "ನೆಲ ಡೊಂಕು" ಅಂದರು. ಕುಣಿಯಲಾರದವಳೂ ಹಾಗೇ ಅಂದಿದ್ದಳು ಎಂದು ತಾತ ಇನ್ನೊಮ್ಮೆ ಕೆರೆಸಿ ಸರಿಮಾಡಿಸಿದರು.

ಈಗ ತೊಟ್ಟಿಲೂ ಮಂಚವೂ ಒಂದೇ ಮಟ್ಟ. ಪಟ್ಟಿ ಬಿಗಿದಿದ್ದೇನೆ, ನಡುವೆ ಒಂದು ಹಾಳೆ ಕೂಡ ತೂರುವುದಿಲ್ಲ. ರಜಾಯಿಗಳು ಬೀರುವಿನೊಳಗೆ, ಬೀಗದ ಕೈ ನನ್ನ ಹತ್ತಿರ. ಮಣೆಯಿಲ್ಲದೆ ಹತ್ತುತ್ತೇನೆ. ಕೈ ಚಾಚಿದರೆ ಮಗಳು ಸಿಗುತ್ತಾಳೆ. ಗಂಡ ಇನ್ನೂ ಹಜಾರದಲ್ಲೇ. ಮನೆಗೆ ಬಂದವರು ಮಂಚ ಯಾಕೆ ಗಿಡ್ಡವಾಯಿತು ಎಂದು ಕೇಳುತ್ತಾರೆ. ಇವರು ಎದ್ದು ಹೋಗುತ್ತಾರೆ, ನಾನು ಹೇಳುತ್ತೇನೆ.

ಕೊಯ್ದ ನಾಲ್ಕು ತುಂಡು ಈ ಪೊಟ್ಟಣದಲ್ಲಿವೆ, ನಿಮ್ಮ ಪಾಲು. ನೀವು ಕೇಳಿದ ಎರಡು ಶಬ್ದ ಅವರ ಬಾಯಿಂದ ಇನ್ನೂ ಬಂದಿಲ್ಲ. ನಿನ್ನೆ ಇಷ್ಟು ಮಾತ್ರ ಅಂದರು: "ಈಗಲಾದ್ರೂ ಅಕ್ಕನಿಗೆ ಸಮಾಧಾನ ಆಯ್ತಾ ಅಂತ ಕೇಳಿ ಬರಿ."

ಕೇಳಿದ್ದೇನೆ. ಆಯಿತಾ?

ನಿಮ್ಮ ತಂಗಿ

ಮೇ 17

ತಂಗಿ,

ತುಂಡುಗಳು ಬಂದವು. ನನ್ನ ಅಂಗಡಿಯ ಕಿಟಕಿಯಲ್ಲಿ, ರಸ್ತೆಗೆ ಕಾಣುವ ಹಾಗೆ ಸಾಲಾಗಿ ಇಟ್ಟಿದ್ದೇನೆ. ನಮ್ಮ ಕಸುಬಿನವರು ನಿಂತು ನೋಡಿ ಏನಿದು ಎನ್ನುತ್ತಾರೆ. ನನ್ನ ತಮ್ಮನ ಸ್ವರ್ಗದ ಕಾಲು ಎನ್ನುತ್ತೇನೆ. ಕೊಯ್ತ ಓರೆಯಾಗಿದೆ ಎಂದು ಅವರೇ ನಗುತ್ತಾರೆ. ಬೇಡವಾದ ನಾಲ್ಕು ಒತ್ತುಗಳಲ್ಲಿ ಒಂದು ಬಾಗಿಲಿಗೆ ಆನಿಕೆಯಾಗಿದೆ.

ಮಗಳು ಮಗುಚಿಕೊಳ್ಳಲು ಶುರು ಮಾಡಿದ ದಿನ ಆ ತೊಟ್ಟಿಲಿನ ಕೆಲಸ ಮುಗಿಯಿತು, ಮರೆಯಬೇಡ. ಅಷ್ಟರಲ್ಲಿ ನಾಲ್ಕೂ ಕಡೆ ಎತ್ತರದ ಕಂಬಿಯಿರುವ ದೊಡ್ಡದನ್ನು ಮಾಡಿ ನಾನೇ ತರುತ್ತೇನೆ. ಅಳತೆಯನ್ನು ನಿನ್ನ ಟೇಪಿನಲ್ಲಿ ಹಿಡಿದು ಕಳಿಸು.

ಸಮಾಧಾನ ಆಯಿತೇ ಎಂದು ಕೇಳಿದ್ದಾನಲ್ಲ, ಹೀಗೆಂದು ಹೇಳು. ಮೂರು ಗೇಣು ಆಯಿತು. ಒಂದು ಬೆರಳು ಬಾಕಿ.

ಅಕ್ಕ